ಒಂದು ಮನೆ, ಎರಡು ಹಾಲು

ನಮ್ಮ ಮನೆಗೆ ದಿನಕ್ಕೆ ಎರಡು ಬಗೆಯ ಹಾಲು ಬರುತ್ತದೆ. ಓಣಿಯ ಕೊನೆಯಲ್ಲಿರುವ ಹಾಲಿನವ್ವನ ಮನೆಯಿಂದ ಎಮ್ಮೆ ಹಾಲು, ಅಂಗಡಿಯಿಂದ ನಂದಿನಿಯ ನೀಲಿ ಪಾಕೀಟು. ಹನುಮಸಾಗರದಲ್ಲಿ ಇದೇನು ವಿಶೇಷವಲ್ಲ. ಆದರೆ ಯಾವ ಕೆಲಸಕ್ಕೆ ಯಾವ ಹಾಲು ಅನ್ನುವ ಲೆಕ್ಕ ಮಾತ್ರ ನನಗೆ ಸಂಸಾರ ಮಾಡುತ್ತ ಮಾಡುತ್ತಲೇ ಬಗೆಹರಿದದ್ದು.

ನನ್ನ ತವರು ಗಂಗಾವತಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಎರಡು ಹೊತ್ತೂ ಅನ್ನ. ಅಲ್ಲಿ ಹಾಲೆಂದರೆ ಮೊಸರಾಗಬೇಕಾದದ್ದು. ಚಹಾಕ್ಕೆ ಒಂದಿಷ್ಟು ತೆಗೆದು ಉಳಿದದ್ದಕ್ಕೆ ಹೆಪ್ಪು. ಒಂದೇ ಜಿಲ್ಲೆಯ ಹನುಮಸಾಗರಕ್ಕೆ ಸೊಸೆಯಾಗಿ ಬಂದರೆ ಇಲ್ಲಿ ಮಳೆ ನಂಬಿದ ಒಣ ಬೇಸಾಯ, ಜೋಳ, ಸಜ್ಜೆ. ಮಾವನವರು ರಾತ್ರಿ ಬಿಸಿ ಹಾಲಿಗೆ ಜೋಳದ ರೊಟ್ಟಿ ಮುರಿದು ಹಾಕಿಕೊಂಡು, ಅದು ಮೆತ್ತಗಾಗುವ ತನಕ ಕಾದು ಉಣ್ಣುತ್ತಿದ್ದರು. ಅವರ ಪಾಲಿಗೆ ಹಾಲೇ ಪಲ್ಯ, ಹಾಲೇ ಸಾರು. ಅದು ಎಮ್ಮೆ ಹಾಲೇ ಆಗಿರಬೇಕು. “ಆಕಳ ಹಾಲಿನ್ಯಾಗ ರೊಟ್ಟಿ ಈಸ್ಯಾಡ್ತಾವ, ಎಮ್ಮಿ ಹಾಲಿನ್ಯಾಗ ಕೂಡ್ತಾವ” ಎಂದು ಅತ್ತೆ ಹೇಳುತ್ತಿದ್ದರು.

ಮಾತು ತಮಾಷೆಯದಾದರೂ ಅದರಲ್ಲಿ ಹುರುಳಿದೆ. ಎಮ್ಮೆ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ ನೂರಕ್ಕೆ ಆರೇಳು ಪಾಲು, ಆಕಳ ಹಾಲಿನಲ್ಲಿ ಮೂರೂವರೆ, ನಾಲ್ಕು. ಜಿಡ್ಡು ಮಾತ್ರವಲ್ಲ, ಹಾಲನ್ನು ಮೊಸರಾಗಿ ಕಟ್ಟುವ ಪ್ರೋಟೀನೂ ಎಮ್ಮೆ ಹಾಲಿನಲ್ಲೇ ಹೆಚ್ಚು. ನೀಲಿ ಪಾಕೀಟಿನ ಮೇಲೆ ಜಿಡ್ಡು 3.0, ಇತರೆ ಘನಾಂಶ 8.5 ಎಂದು ಅಚ್ಚಾಗಿರುತ್ತದೆ. ನಂದಿನಿಯದೇ ಕಿತ್ತಳೆ ಬಣ್ಣದ ಶುಭಂ ಪಾಕೀಟಿನಲ್ಲಿ ಜಿಡ್ಡು 4.5, ಸಮೃದ್ಧಿಯಲ್ಲಿ 6. ಈ ಅಂಕಿಗಳನ್ನು ಓದಲು ಕಲಿತ ಮೇಲೆ ಚಹಾಕ್ಕೆ ಯಾವ ಹಾಲು ಎಂಬ ಮನೆಯ ಜಗಳ ಅರ್ಥವಾಯಿತು. ಒಂದು ಲೋಟ ಎಮ್ಮೆ ಹಾಲಿಗೆ ಒಂದೂವರೆ ಲೋಟ ನೀರು ಬೆರೆಸಿದರೂ ಚಹಾ ಗಟ್ಟಿ. ನೀಲಿ ಪಾಕೀಟಿಗೆ ಅಷ್ಟು ನೀರು ಹಾಕಿದರೆ ಮನೆಗೆ ಬಂದ ಬೀಗರು ಮಾತಾಡದೆ ಕಪ್ಪು ಕೆಳಗಿಡುತ್ತಾರೆ. ಲೀಟರಿಗೆ ಅಗ್ಗವಾದದ್ದು ಕಪ್ಪಿಗೆ ಅಗ್ಗವಾಗಬೇಕೆಂದಿಲ್ಲ.

ತುಪ್ಪದ ಲೆಕ್ಕ ಇದಕ್ಕಿಂತ ದೊಡ್ಡದು. ನಮ್ಮ ಓಣಿಯಲ್ಲಿ ಎಮ್ಮೆ ಹಾಲಿಗೆ ಪಾಕೀಟಿಗಿಂತ ಲೀಟರಿಗೆ 15–20 ರೂಪಾಯಿ ಜಾಸ್ತಿ. ಹೊಸದರಲ್ಲಿ ನಾನು ಇದನ್ನು ದುಂದು ಎಂದೇ ಎಣಿಸಿದ್ದೆ. ಅತ್ತೆ ಬಾಯಿಲೆಕ್ಕದಲ್ಲೇ ನನ್ನ ಬಾಯಿ ಕಟ್ಟಿದರು. ಕುಡಿಯದೆ ಹೆಪ್ಪಿಗೆ ಬಿಟ್ಟ ಒಂದು ಲೀಟರ್ ಎಮ್ಮೆ ಹಾಲಿನಲ್ಲಿ 65 ಗ್ರಾಂ ಆಸುಪಾಸು ಜಿಡ್ಡಿರುತ್ತದೆ. ಕೆನೆ ಕೂಡಿಸಿ, ಕಡೆದು, ಬೆಣ್ಣೆ ಕಾಯಿಸುವಾಗ ಪಾತ್ರೆಗೆ ಹತ್ತಿದ್ದು, ಮಜ್ಜಿಗೆಯಲ್ಲಿ ಉಳಿದದ್ದು ಕಳೆದರೂ 45 ಗ್ರಾಂ ತುಪ್ಪಕ್ಕೆ ಮೋಸವಿಲ್ಲ. ನಂದಿನಿ ತುಪ್ಪದ ಬೆಲೆ 2025ರ ನವೆಂಬರಿನಲ್ಲಿ ಲೀಟರಿಗೆ 610ರಿಂದ 700 ರೂಪಾಯಿಗೆ ಏರಿತಲ್ಲ, ಆ ದರದಲ್ಲಿ ಇದು 30 ರೂಪಾಯಿಗೂ ಮೇಲಿನ ತುಪ್ಪ. ಜೊತೆಗೆ ಒಂದು ಗಡಿಗೆ ಮಜ್ಜಿಗೆ, ಅದು ಬಿಟ್ಟಿ. ಹೋಳಿಗೆ, ಮಾದ್ಲಿ, ಗೋಧಿ ಹುಗ್ಗಿ ಎಂದು ತಿಂಗಳಿಗೊಮ್ಮೆಯಾದರೂ ತುಪ್ಪ ಸುರಿಯುವ ಮನೆಗೆ ತುಟ್ಟಿ ಹಾಲೇ ಸೋವಿ.

ಆದರೆ ಎಮ್ಮೆ ವರ್ಷವಿಡೀ ಒಂದೇ ಸಮ ಹಿಂಡುವುದಿಲ್ಲ. ನಮ್ಮ ಕಡೆ ಹೆಚ್ಚಿನ ಎಮ್ಮೆಗಳು ಮಳೆಗಾಲ ಕಳೆಯುವ ಹೊತ್ತಿಗೆ ಈಯುತ್ತವೆ. ದಸರೆ, ದೀಪಾವಳಿಗೆ ಹೈನ ಉಕ್ಕುತ್ತದೆ. ಓಣಿಯವರು ಬಟ್ಟಲಲ್ಲಿ ಗಿಣ್ಣ ಹಂಚುತ್ತಾರೆ. ಯುಗಾದಿ ದಾಟಿ ಬಿಸಿಲು ಏರಿದರೆ ಹಸಿ ಮೇವು ಮುಗಿದು ಒಣ ಕಣಕಿಯೇ ಗತಿ. ಹಾಲು ಇಳಿಯುತ್ತದೆ, ಇದ್ದದ್ದು ಗಟ್ಟಿಯಾಗುತ್ತದೆ. ಬತ್ತಲು ಬಂದ ಎಮ್ಮೆಯ ಹಾಲಿಗೆ ತುಸು ಉಪ್ಪಿನ ರುಚಿಯೂ ಬರುತ್ತದೆ. ಬೇಸಿಗೆಯಲ್ಲಿ ಗಟ್ಟಿ, ಮಳೆಗಾಲದ ಹಸಿ ಹುಲ್ಲಿಗೆ ತೆಳು: ಇದು ದನದ ಹೊಟ್ಟೆಯ ನಿಯಮ. ಹಾಲು ತೆಳುವಾದಾಗಲೆಲ್ಲ ಹಾಲಿನವ್ವನ ಮೇಲೆ ಅನುಮಾನ ಪಡಬಾರದು ಎಂದು ಗೊತ್ತಾದದ್ದು ಮೇವಿನ ಕಡೆ ನೋಡಲು ಕಲಿತ ಮೇಲೆ.

ಪಾಕೀಟು ನಮ್ಮನ್ನು ಕಾಯುವುದು ಇಂಥ ಬೇಸಿಗೆಯಲ್ಲೇ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿ ಮಾಡಿ ಕೂಡಲೇ ತಣಿಸಿರುತ್ತಾರೆ. ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಕೆಡದು. ಏಪ್ರಿಲ್ ಸಂಜೆಯ ಹಸಿ ಹಾಲು ಮಾತ್ರ ಕಾಯಿಸುವುದು ತಡವಾದರೆ ಒಲೆಯ ಮೇಲೆ ಒಡೆದೇ ತೋರಿಸುತ್ತದೆ.

“ಅದು ಪೌಡರ್ ಹಾಲು, ಹಾಲಲ್ಲ” ಎಂದು ಅತ್ತೆ ಪಾಕೀಟನ್ನು ದೂರ ಇಡುತ್ತಿದ್ದರು. ನೀಲಿ ಪಾಕೀಟಿನ ಹಿಂದಿನ ಕಥೆ ಓದಿ ನನಗೆ ನಗು ಬಂತು. ಅದರಲ್ಲಿರುವ ಟೋನ್ಡ್ ಹಾಲಿನ ವಿಚಾರ ಬೆಳೆದದ್ದು 1940ರ ದಶಕದ ಮುಂಬಯಿಯಲ್ಲಿ. ಆರೆ ಹಾಲಿನ ಯೋಜನೆ ನಡೆಸಿದ ದಾರಾ ಖುರೋಡಿಯವರು ಗಟ್ಟಿ ಎಮ್ಮೆ ಹಾಲಿಗೆ ನೀರು ಮತ್ತು ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಜಿಡ್ಡು ಇಳಿಸಿ, ಬಡವರ ಕೈಗೆಟಕುವ ದರಕ್ಕೆ ತಂದರು. 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ ಪಟೇಲರ ಜೊತೆ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅತ್ತೆ ದೂರ ಇಟ್ಟ ಹಾಲು ಎಮ್ಮೆಯ ಮನೆತನದ್ದೇ.

ಪುಡಿಯ ಹಾಲಿನ ಬಗ್ಗೆ ನಮ್ಮ ಮಗನಿಗೂ ದೂರಿಲ್ಲ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿ ಹಾಲು. ಮನೆಯಲ್ಲಿ ಎಮ್ಮೆ ಹಾಲಿನ ಕೆನೆ ತುಟಿಗೆ ಹತ್ತಿದರೆ ಮುಖ ಕಿವಿಚುವ ಹುಡುಗ, ಶಾಲೆಯಲ್ಲಿ ಗೆಳೆಯರ ಸಾಲಿನಲ್ಲಿ ಕೂತು ಲೋಟ ಖಾಲಿ ಮಾಡುತ್ತಿದ್ದ. ಅದನ್ನು ಕಂಡ ಮೇಲೆ ಅವನ ಹಾಲು ನೀಲಿ ಪಾಕೀಟಿಗೆ ಬದಲಾಯಿತು. ಮಗು ಕುಡಿಯದ ಗಟ್ಟಿ ಹಾಲಿಗಿಂತ ಕುಡಿಯುವ ತೆಳು ಹಾಲು ಮೇಲು.

ಬೆಂಗಳೂರಿನಿಂದ ಬಂದ ನಾದಿನಿ ಒಮ್ಮೆ “ವೈನಿ, ಇಲ್ಲಿ ಎ2 ಹಾಲು ಸಿಗ್ತದೇನ್ರಿ?” ಎಂದು ಕೇಳಿದಳು. ಅಲ್ಲಿ ನಾಟಿ ಆಕಳ ಹಾಲನ್ನು ಆ ಹೆಸರಿನಲ್ಲಿ ದುಪ್ಪಟ್ಟು ದರಕ್ಕೆ ಕೊಳ್ಳುತ್ತಾಳಂತೆ. ಎ1, ಎ2 ಎಂಬುದು ಹಾಲಿನ ಒಂದು ಪ್ರೋಟೀನಿನ ಬಗೆ. ನಮ್ಮ ಎಮ್ಮೆಗಳ ಹಾಲು ಬಹುಪಾಲು ಎ2ವೇ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪಾಕೀಟಿನ ಮೇಲಿನ ಈ ಹೆಸರು ತೆಗೆಯಿರಿ ಎಂದು ಆದೇಶಿಸಿ, ವಾರದೊಳಗೆ ಆದೇಶವನ್ನೇ ಹಿಂದಕ್ಕೆ ಪಡೆಯಿತು. “ನೀ ಹುಟ್ಟಿದಾಗಿಂದ ಎ2 ಹಾಲನ್ನ ಕುಡದು ಬೆಳದೀಯವಾ” ಎಂದೆ.

ಹೊಟ್ಟೆಯ ಮಾತು ಬೇರೆ. ನಮ್ಮ ಯಜಮಾನರಿಗೆ ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರ. ಮೊಸರು, ಮಜ್ಜಿಗೆ ಎಷ್ಟಾದರೂ ಸರಿ. ಹಾಲಿನ ಸಕ್ಕರೆಯಲ್ಲಿ ಒಂದು ಪಾಲನ್ನು ಹೆಪ್ಪಿನ ಸೂಕ್ಷ್ಮಜೀವಿಗಳು ಮೊದಲೇ ತಿಂದಿರುತ್ತವೆ. ಅಂಥವರಿಗೆ ಹಾಲಿನ ಜಾತಿ ಬದಲಿಸುವುದಕ್ಕಿಂತ ಹೆಪ್ಪು ಹಾಕುವುದು ಸುಲಭ. ಹೆಪ್ಪಿಗೂ ಹದವಿದೆ: ಬೇಸಿಗೆಯಲ್ಲಿ ಚಮಚದ ತುದಿಯಷ್ಟು ಸಾಕು, ಚಳಿಯಲ್ಲಿ ತುಂಬ ಚಮಚ. ತೀರಿದರೆ ಹಗಲಲ್ಲೇ ಕೇಳಿ ತರಬೇಕು. ದೀಪ ಹಚ್ಚಿದ ಮೇಲೆ ಓಣಿಯಲ್ಲಿ ಯಾರೂ ಹೆಪ್ಪು ಹೊರಗೆ ಕೊಡುವುದಿಲ್ಲ.

ಡೆಂಗಿ ಹಬ್ಬಿದ ವರ್ಷ ಕುರಿಗಾರರ ಹತ್ತಿರ ಆಡಿನ ಹಾಲಿಗೆ ಜನ ಮುಗಿಬೀಳುತ್ತಾರೆ. ಅದರಿಂದ ಡೆಂಗಿ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಹೊಲದ ಬದುವಿನಲ್ಲಿ ಆಡಿನ ಹಾಲಿನ ಚಹಾ ನನಗೂ ಇಷ್ಟ, ಕುದ್ದಿದ್ದರೆ ಮಾತ್ರ. ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ, ಕ್ಷಯ ಮನುಷ್ಯರಿಗೆ ದಾಟಬಹುದು. ಹಸುಗೂಸಿಗಂತೂ ಆರು ತಿಂಗಳ ತನಕ ತಾಯಿ ಹಾಲೊಂದೇ. ಆಡು, ಆಕಳು, ಎಮ್ಮೆ ಯಾವುದೂ ಬೇಡ.

ಹಸಿ ಹಾಲು ಬೇಕಾಗುವುದು ನಾಗರಪಂಚಮಿಗೆ. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎಂದು ಹೆಸರು ಹಿಡಿದು ನಾಗಪ್ಪನಿಗೆ ಎರೆಯುತ್ತೇವೆ. ಪಾಕೀಟಿನದು ಕಾಯಿಸಿದ ಹಾಲು, ನಡೆಯದು ಎಂಬುದು ಅತ್ತೆಯ ವಾದ. ಅದನ್ನು ಇವತ್ತಿಗೂ ಮುರಿದಿಲ್ಲ. ಒಂದು ಬಟ್ಟಲು ಆಕಳ ಹಾಲು ತರುತ್ತೇವೆ. ಎರೆಯುವುದು ಹೆಸರಿಗಷ್ಟು, ಮಿಕ್ಕದ್ದು ಕಾಯಿಸಿ ಮಕ್ಕಳಿಗೆ.

ಈಗ ಓಣಿಗೆ ಹೊಸದಾಗಿ ಬಂದ ಸೊಸೆಯರು “ಅಕ್ಕಾರ, ಯಾವ ಹಾಲು ಹಚ್ಚಿಕೊಳ್ಳೋಣು?” ಎಂದು ಕೇಳುತ್ತಾರೆ. ಎಮ್ಮೆಯದೋ ಪಾಕೀಟೋ ಎಂದು ನಾನು ಹೇಳುವುದಿಲ್ಲ. “ನಿಮ್ಮನಿಯಾಗ ತುಪ್ಪ ಕೊಂಡು ತರ್ತೀರೇನು, ಕಾಸ್ತೀರೇನು?” ಎಂದು ತಿರುಗಿ ಕೇಳುತ್ತೇನೆ. ಕಾಸುವವರಿಗೆ ಹಾಲಿನವ್ವನ ಮನೆ ತೋರಿಸುತ್ತೇನೆ. ಕೊಳ್ಳುವವರಿಗೆ ಪಾಕೀಟೇ ಸಾಕು.