ಸ್ವಲೀನ ಮಕ್ಕಳಿಗೆ ಕುಣಿತ ಮತ್ತು ಕುದುರೆಯ ನೆರವು

ಹೆಸರು ಹಿಡಿದು ಕರೆದರೂ ತಿರುಗಿ ನೋಡದೆ, ತನ್ನಷ್ಟಕ್ಕೆ ತಾನೇ ತೂಗಾಡುತ್ತ ಕುಳಿತಿರುವ ಮಗುವನ್ನು ಮಂಕೆಂದು ಬಗೆದು ಮನೆಯಲ್ಲಿಯೇ ಉಳಿಸಿಕೊಳ್ಳುವುದುಂಟು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳಲ್ಲಿ ಈ ಲಕ್ಷಣಗಳನ್ನು ಕಂಡು ವಿವರಿಸಿದರು. ಇದೇ ಆಟಿಸಂ, ಕನ್ನಡದಲ್ಲಿ ಸ್ವಲೀನತೆ. ಇದು ಗಾಳಿಸೋಂಕೂ ಅಲ್ಲ, ತಾಯಿಯ ಲಾಲನೆಯ ದೋಷವೂ ಅಲ್ಲ; ಮಿದುಳಿನ ಬೆಳವಣಿಗೆಯಲ್ಲಿರುವ ಭೇದ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಕೇಳಿ ಬೆಳೆಯುತ್ತಾರೆ. ಮಾತು ತಡವಾಗಲು ಇದೇ ಕಾರಣವೆಂದು ಕಾಯುತ್ತ ಕುಳಿತುಕೊಳ್ಳಲಾಗದು. ಎರಡು ಭಾಷೆಗಳಿಂದ ಸ್ವಲೀನತೆ ಉಂಟಾಗುವುದಿಲ್ಲ.

ಮಾತಿನಿಂದ ತಲುಪಲಾಗದ ಮಗುವನ್ನು ಲಯದಿಂದ ತಲುಪುವ ಎರಡು ಮಾರ್ಗಗಳನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದು ಕುದುರೆ. ಕುದುರೆ ನಿಧಾನವಾಗಿ ನಡೆಯುವಾಗ ಸವಾರನ ಸೊಂಟವು ಹಿಂದೆಮುಂದೆ, ಅಕ್ಕಪಕ್ಕ, ಮೇಲೆಕೆಳಗೆ ಚಲಿಸುತ್ತದೆ. ಇದು ಮನುಷ್ಯನ ನಡಿಗೆಯನ್ನೇ ಹೋಲುತ್ತದೆ. ಇದರಿಂದ ದೇಹದ ಸಮತೋಲ ಬಲಗೊಳ್ಳುತ್ತದೆ. 'ನಡೆ' ಎಂದೊಡನೆ ಕುದುರೆ ನಡೆಯುವುದರಿಂದ ಮಾತಿನ ಫಲವು ಮಗುವಿಗೆ ಕೂಡಲೆ ಕಾಣುತ್ತದೆ. 2015ರಲ್ಲಿ ಅಮೆರಿಕದಲ್ಲಿ 127 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. 10 ವಾರ ಸವಾರಿ ಮಾಡಿದವರಲ್ಲಿ ಸಿಡುಕು, ಚಡಪಡಿಕೆಗಳು ತಗ್ಗಿ, ಆಡುವ ಪದಗಳು ಹೆಚ್ಚಿದುವು. ಆದರೆ ಮದುವೆಯ ಮೆರವಣಿಗೆಯ ಕುದುರೆ ಈ ಕೆಲಸಕ್ಕೆ ಸಲ್ಲದು. ಪಳಗಿದ ಸಾಧುಕುದುರೆಯೂ ತರಬೇತಿ ಪಡೆದ ಚಿಕಿತ್ಸಕರೂ ಇರಲೇಬೇಕು. ಇಂತಹ ಏರ್ಪಾಡಿಗೆ ಬೆಂಗಳೂರಿನಂತಹ ನಗರಕ್ಕೇ ಹೋಗಬೇಕಾದೀತು.

ಎರಡನೆಯದು ಕುಣಿತ. ವಾಷಿಂಗ್ಟನ್ನಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಮೇರಿಯನ್ ಚೇಸ್ ಎಂಬಾಕೆ 1942ರಿಂದ ನೃತ್ಯಚಿಕಿತ್ಸೆಯನ್ನು ನಡೆಸಿದರು. ರೋಗಿಯ ಚಲನೆಯನ್ನು ತಾವೇ ಮೊದಲು ಅನುಸರಿಸುವುದು ಅವರ ವಿಧಾನ. ಮಗು ತೂಗಾಡಿದರೆ ನಾವೂ ತೂಗಾಡಬೇಕು; ಆಗ ಅದು ನಮ್ಮತ್ತ ನೋಡೀತು. ಇದಕ್ಕೆ ನಮ್ಮೂರ ಕೋಲಾಟವೇ ತಕ್ಕ ಸಾಧನ. ಎದುರಿನವನ ಕೈ ನೋಡದೆ, ತನ್ನ ಸರದಿಗೆ ಕಾಯದೆ ಕೋಲಿಗೆ ಕೋಲು ತಾಗದು. ಆದರೆ ಅನೇಕ ಸ್ವಲೀನ ಮಕ್ಕಳಿಗೆ ಗದ್ದಲವು ಅಸಹನೀಯ. ಆದುದರಿಂದ ಬಟ್ಟೆ ಸುತ್ತಿದ ಕೋಲುಗಳಿಂದ, ಇಬ್ಬರೇ, ಡೋಲಿಲ್ಲದೆ, ಮೆಲ್ಲಗೆ ಆರಂಭಿಸಬೇಕು. ಮಗು ಒಲ್ಲೆನೆಂದರೆ ಅಲ್ಲಿಗೇ ನಿಲ್ಲಿಸಬೇಕು.

ಇವೆರಡೂ ನೆರವುಗಳೇ ಹೊರತು ಸ್ವಲೀನತೆಯನ್ನು ಅಳಿಸುವ ಮದ್ದುಗಳಲ್ಲ. ಮಾತಿನ ತರಬೇತಿಯೂ ಪಾಠವೂ ಜೊತೆಜೊತೆಗೆ ನಡೆಯಬೇಕು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನರನ್ನೂ ಒಳಗೊಂಡಿದೆ. ಸರ್ಕಾರದ ಮನ್ನಣೆಯುಳ್ಳ ಶಾಲೆಯು ಇಂತಹ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಪೋಷಕರು ಸಂಕೋಚವನ್ನು ತೊರೆದು ಮಗುವನ್ನು ಶಾಲೆಗೆ ಕರೆತರಲಿ. ಉಪಾಧ್ಯಾಯರಾದ ನಾವು ದಿನಕ್ಕೆ ಕಾಲು ಗಂಟೆಯನ್ನು ಆ ಮಗುವಿನೊಡನೆ ಕೋಲು ಹಿಡಿಯಲು ಮೀಸಲಿಡೋಣ.