27ಕ್ಕೆ ಎಂಬಿಬಿಎಸ್ ತಡವಲ್ಲ

ಪ್ರಶ್ನೆ: ನನಗೆ 27 ವರ್ಷ. ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ. ಕೆಲಸ ಮಾಡುತ್ತಲೇ ನೀಟ್ ಬರೆದು ಡಾಕ್ಟರ್ ಆಗಬಹುದೇ?
– ಹೆಸರು ಬೇಡ, ಮಾದಿಹಳ್ಳಿ

ಉತ್ತರ: ಖಂಡಿತ ಬರೆಯಿರಿ. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ. ಒಡಿಶಾದ ನಿವೃತ್ತ ಬ್ಯಾಂಕ್ ಉದ್ಯೋಗಿ ಜಯಕಿಶೋರ್ ಪ್ರಧಾನ್ 2020ರಲ್ಲಿ, 64ನೇ ವಯಸ್ಸಿನಲ್ಲಿ ಎಂಬಿಬಿಎಸ್ ಸೇರಿದರು. ಮೊದಲು ನಿಮ್ಮ ಪಿಯುಸಿ ಪಿಸಿಬಿ ಅಂಕ ನೋಡಿಕೊಳ್ಳಿ: ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಕ್ಕೆ ಶೇ 40 ಬೇಕು.

ಒಟ್ಟು 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. ಅದು ನಿಮ್ಮ ಕೈಹಿಡಿಯುತ್ತದೆ. ಪಠ್ಯದಲ್ಲಿರುವ ಇಸಿಜಿಯ ಪಿ, ಕ್ಯೂಆರ್‌ಎಸ್, ಟಿ ಅಲೆಗಳು ನಿಮಗೆ ವಾರ್ಡಿನಲ್ಲಿ ಕಂಡು ಗೊತ್ತಿರುವಂಥವೇ. ಭೌತಶಾಸ್ತ್ರ ಮಾತ್ರ ದಿನವೂ ಲೆಕ್ಕ ಬಿಡಿಸದೆ ಒಲಿಯುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ಕೂಡಲೇ ಓದಲು ಕೂರಬೇಡಿ, ಮೊದಲು ನಿದ್ದೆ ಮಾಡಿ. ವಾರದ ರಜೆಯಲ್ಲಿ ಮಧ್ಯಾಹ್ನ 2ರಿಂದ 5ರವರೆಗೆ, ಪರೀಕ್ಷೆಯ ವೇಳೆಯಲ್ಲೇ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ತಪ್ಪು ಉತ್ತರಕ್ಕೆ 1 ಅಂಕ ಕಳೆಯುತ್ತಾರೆ, ಅಂದಾಜಿಗೆ ಗುರುತು ಹಾಕಬೇಡಿ.

ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ ಸಹಿ ಈಗಲೇ ಮಾಡಿಸಿಡಿ.

ಸೀಟು ಸಿಕ್ಕರೆ ಕೆಲಸ ಬಿಡಲೇಬೇಕು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆದ್ದರಿಂದ ಇಂದಿನಿಂದಲೇ ಸಂಬಳದಲ್ಲಿ ಒಂದಿಷ್ಟು ಉಳಿಸಿ, ಮನೆಯವರೊಡನೆ ಮಾತಾಡಿ. ಹಾಸನದ ಹಿಮ್ಸ್‌ನಂಥ ಸರ್ಕಾರಿ ಕಾಲೇಜನ್ನೇ ಗುರಿಯಾಗಿಸಿಕೊಳ್ಳಿ. ಸಾಲ ಮಾಡಿ ದುಬಾರಿ ಸೀಟು ಕೊಳ್ಳಬೇಡಿ.