ಕೌಂಟರಿನ ಆಚೆ ಬದಿ

ಗುಂಡ್ಲುಪೇಟೆಯ ಒಂದು ಲಾಡ್ಜಿನ ಕೌಂಟರಿನಲ್ಲಿ ಆರು ವರ್ಷ ಕೂತಿದ್ದವನು ನಾನು. ನಮ್ಮ ರಾತ್ರಿ ವ್ಯಾಪಾರವೆಲ್ಲ ಒಂಬತ್ತರ ಗೇಟಿನದು. 2009ರಲ್ಲಿ ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ ಸಂಚಾರ ನಿಂತಮೇಲೆ, ವಯನಾಡಿಗೆ ಹೊರಟವರು ಮದ್ದೂರು ಚೆಕ್‌ಪೋಸ್ಟಿನಲ್ಲಿ, ಊಟಿಗೆ ಹೊರಟವರು ಮೇಲುಕಾಮನಹಳ್ಳಿಯಲ್ಲಿ ನಿಲ್ಲಬೇಕು. ಬೆಳಿಗ್ಗೆ ಆರಕ್ಕೇ ಮತ್ತೆ ದಾರಿ. ಐದು ನಿಮಿಷ ತಡವಾದವರು ಮಕ್ಕಳು ಮರಿ ಕಟ್ಟಿಕೊಂಡು ವಾಪಸ್ ಪೇಟೆಗೆ ಬರುತ್ತಿದ್ದರು. ನಾನು ಕೀ ಕೊಡುತ್ತಿದ್ದೆ. ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಲೆಡ್ಜರಿನಿಂದ ತಲೆ ಎತ್ತದೆ, "ಎಲ್ಲಾ ಮುಚ್ಬುಟ್ರು ಸಾ" ಅನ್ನುತ್ತಿದ್ದೆ.

ಆಮೇಲೆ ಚಾಮರಾಜನಗರದ ಕರಿಕಲ್ಲಿನ ವ್ಯವಹಾರಕ್ಕೆ ಸೇರಿದೆ. ಹೊಳಪು ಕೊಟ್ಟರೆ ಮುಖ ಕಾಣುವ ನಮ್ಮ ಕಲ್ಲು ಹಡಗು ಹತ್ತಿ ಹೋಗಿ ಯಾವುದೋ ದೇಶದಲ್ಲಿ ಯಾರದೋ ಸಮಾಧಿಯ ತಲೆದೆಸೆಗೆ ನಿಲ್ಲುತ್ತದೆ. ಆ ಕಲ್ಲಿನ ಬೆನ್ನು ಹತ್ತಿ ನಾನೂ ಒಂದು ಸೆಪ್ಟೆಂಬರಿನಲ್ಲಿ ಇಟಲಿಯ ವೆರೋನಾಕ್ಕೆ ಹೋದೆ. ಅಲ್ಲಿ ವರ್ಷವರ್ಷ ಮಾರ್ಮೊಮ್ಯಾಕ್ ಎಂಬ ಕಲ್ಲಿನ ಮೇಳ ನಡೆಯುತ್ತದೆ. ಮೇಳ ನಾಲ್ಕೇ ದಿನ. ಮಿಕ್ಕಂತೆ ವಾಲ್ಪೊಲಿಚೆಲ್ಲಾ ಕಡೆ ಕಲ್ಲು ಕೊಯ್ಯುವ ಕಾರ್ಖಾನೆಗಳ ಸುತ್ತಾಟ. ಒಟ್ಟು ಹದಿನೇಳು ರಾತ್ರಿ ಒಂದೇ ಹೋಟೆಲು.

ಹೋದ ತಕ್ಷಣ ಪಾಸ್‌ಪೋರ್ಟ್ ಇಸಕೊಂಡರು. ನಮ್ಮಲ್ಲೂ ಪರದೇಶದವರು ಬಂದರೆ 24 ಗಂಟೆಯೊಳಗೆ ಸಿ ಫಾರಂ ಕಳಿಸಬೇಕಿತ್ತು. ಅಲ್ಲಿಯವರೂ ಅಷ್ಟರೊಳಗೆ ಪೊಲೀಸರಿಗೆ ವಿವರ ಕೊಡಬೇಕು. ಎಲ್ಲ ಗೊತ್ತಿದ್ದೂ, ಪಾಸ್‌ಪೋರ್ಟ್ ಒಳಕೋಣೆಗೆ ಹೋದ ಮೂರು ನಿಮಿಷ ನನ್ನ ಜೀವ ನನ್ನ ಕೈಲಿರಲಿಲ್ಲ. ಬಿಳಿ ಪ್ರವಾಸಿಗರು ನಮ್ಮ ಜೆರಾಕ್ಸ್ ಮಿಷನ್ನಿನತ್ತ ಅಷ್ಟು ದುರುಗುಟ್ಟಿ ನೋಡುತ್ತಿದ್ದುದು ಯಾಕೆಂದು ಆಗ ಹೊಳೆಯಿತು.

ಬಚ್ಚಲಲ್ಲಿ ಬಕೆಟ್ಟಿಲ್ಲ, ಚೊಂಬಿಲ್ಲ. ಆದರೆ ಷವರಿನ ಪಕ್ಕ ಮೇಲಿನಿಂದ ಒಂದು ಚೆಂದದ ದಾರ ಇಳಿಬಿಟ್ಟಿತ್ತು. ಬಟ್ಟೆ ಒಣಹಾಕಲಿಕ್ಕಿರಬೇಕು, ಎಂಥಾ ಅನುಕೂಲ ಅಂದುಕೊಂಡು ಒಗೆದ ಬನಿಯನ್ನನ್ನು ಅದಕ್ಕೆ ಬಿಗಿಯಾಗಿ ಗಂಟು ಹಾಕಿದೆ. ಗಂಟೆ ಹೊಡೆದುಕೊಂಡಿತು. ಎರಡು ನಿಮಿಷಕ್ಕೆ ಬಾಗಿಲಲ್ಲಿ ಇಬ್ಬರು, ಏದುಸಿರು ಬಿಡುತ್ತಾ. ಬಚ್ಚಲಲ್ಲಿ ಜಾರಿಬಿದ್ದವರು ಎಳೆದು ಸಹಾಯಕ್ಕೆ ಕರೆಯುವ ದಾರವಂತೆ ಅದು. ಟವೆಲ್ ಸುತ್ತಿಕೊಂಡು ನಿಂತಿದ್ದ ನನ್ನನ್ನೂ, ತೂಗುತ್ತಿದ್ದ ಬನಿಯನ್ನನ್ನೂ ನೋಡಿ ಅವರಿಬ್ಬರೂ ನಗಲಿಲ್ಲ. ಮಾರನೆಯ ದಿನ ಕೋಣೆಯಲ್ಲಿ ಬಟ್ಟೆ ಹರವುವ ಪುಟ್ಟ ಸ್ಟ್ಯಾಂಡ್ ಇತ್ತು.

ಹೊಟ್ಟೆಯದೇ ದೊಡ್ಡ ಪಾಡು. ಬೆಳಗಿನ ತಿಂಡಿಯೆಲ್ಲ ಸಿಹಿ. ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚಿ, ಮತ್ತೆ ಒಲೆ ಹಚ್ಚುವುದು ರಾತ್ರಿ ಏಳೂವರೆಗೆ. ಮೊದಲ ದಿನ ನಾಲ್ಕು ಗಂಟೆಗೆ ಹಸಿದು ಅದಿಜೆ ನದಿಯ ದಂಡೆಯುದ್ದಕ್ಕೂ ಅಲೆದೆ. ಹೋದಲ್ಲೆಲ್ಲ ಕೈಯಲ್ಲಾಡಿಸಿದರು. "ಎಲ್ಲಾ ಮುಚ್ಬುಟ್ರು ಸಾ" ಅನ್ನುವ ನನ್ನದೇ ದನಿ ಕಿವಿಗೆ ಬಿತ್ತು. ಕೊನೆಗೆ ಹೋಟೆಲಿಗೆ ಬಂದು "ಅಕ್ವಾ ಕಾಲ್ದಾ" ಎಂದು ಕೇಳಿದೆ, ಬಿಸಿನೀರು. ನಾನು ಕಲಿತ ಮೊದಲ ಇಟಾಲಿಯನ್ ಮಾತು ಅದೇ. ಅದರಲ್ಲಿ ಊರಿಂದ ತಂದ ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿ ತಿಂದೆ. ಉಪ್ಸಾರು ಮುದ್ದೆ ನೆನೆದರೆ ಕಣ್ಣಲ್ಲಿ ನೀರು. ಖಾರಕ್ಕೂ ಇರಬಹುದು.

ಕಾಫಿ ಮಾತ್ರ ಬೇಗ ಒಗ್ಗಿತು. ಕಟ್ಟೆಗೊರಗಿ ನಿಂತು ಕುಡಿದರೆ ಒಂದು ದರ, ಕೂತರೆ ಹೆಚ್ಚು. ನಿಂತು ಕಾಫಿ ಕುಡಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಹೊರಡುವಾಗ ಪ್ರವಾಸಿ ತೆರಿಗೆ ಎಂದು ರಾತ್ರಿ ಲೆಕ್ಕದಲ್ಲಿ ಬೇರೆ ದುಡ್ಡು ಕೇಳಿದರು. ಚಿಲ್ಲರೆ ಎಣಿಸಿ ಕೊಟ್ಟೆ.

ಊರಿಗೆ ಬಂದು ಹಳೆಯ ಲಾಡ್ಜಿಗೆ ಹೋದೆ. ಒಂದು ಗೊನೆ ಬಾಳೆಹಣ್ಣು ತಂದು ಕೌಂಟರಿನ ಮೇಲೆ ತೂಗುಹಾಕಿಸಿದೆ. ಗೇಟ್ ತೆರೆಯುವುದು ಎಷ್ಟಕ್ಕೆ, ತಡರಾತ್ರಿ ಊಟ ಯಾವ ಗಾಡಿಯಲ್ಲಿ, ಬೆಳಿಗ್ಗೆ ಮೊದಲ ಇಡ್ಲಿ ಎಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ಅಂಟಿಸಿದೆ. ಅದನ್ನು ಮಲಯಾಳಂನಲ್ಲಿ ಬರೆದುಕೊಟ್ಟವನು ಒಬ್ಬ ಲಾರಿ ಡ್ರೈವರು, ಗೇಟ್ ಬಿದ್ದ ರಾತ್ರಿ ಅಲ್ಲೇ ಕೂತು, ಎರಡು ಬಾಳೆಹಣ್ಣು ತಿಂದು.